ಮತಾಂತರದ ಪ್ರಬಂಧಕ್ಕೆ ಗ್ರಂಥಾಲಯದ ದಾರಿ

(ರಾಯಚೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಥಿಯಾಲಜಿ, ಅಂದರೆ ದೈವಶಾಸ್ತ್ರ, ಓದುವ ವಿದ್ಯಾರ್ಥಿಗಳು ಮತಾಂತರವನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಳ್ಳುವುದು ಹೊಸದೇನಲ್ಲ. ಸೆಮಿನರಿಗಳಲ್ಲಿ ಓದುವವರು ಆರಿಸಿಕೊಳ್ಳುತ್ತಾರೆ, ತತ್ವಶಾಸ್ತ್ರ, ಇತಿಹಾಸ, ಕನ್ನಡ ಎಂ.ಎ. ಮಾಡುವವರೂ ಆರಿಸಿಕೊಳ್ಳುತ್ತಾರೆ. ಆದರೆ ಬಹಳ ಮಂದಿ ಕೆಲಸ ಶುರು ಮಾಡುವುದು ದಿನಪತ್ರಿಕೆಯ ತುಣುಕಿನಿಂದ, ಇಲ್ಲವೇ ಮೊಬೈಲಿನಲ್ಲಿ ಸಿಕ್ಕ ಒಂದು ವಿಡಿಯೋದಿಂದ. ಇಂಥ ಊರಲ್ಲಿ ಇಂಥ ದಿನ ಇಷ್ಟು ಜನ ಮತ ಬದಲಿಸಿದರು, ಇಂಥವರು ದೂರು ಕೊಟ್ಟರು, ಪೊಲೀಸರು ಬಂದರು. ಅಲ್ಲಿಗೆ ಸುದ್ದಿ ಮುಗಿಯಿತು. ಆ ಸುದ್ದಿಯನ್ನೇ ಹಿಗ್ಗಿಸಿ ಬರೆದ ಪ್ರಬಂಧದಲ್ಲಿ ಪರ ಅಥವಾ ವಿರೋಧ ಇರುತ್ತದೆ, ದೈವಶಾಸ್ತ್ರ ಇರುವುದಿಲ್ಲ.

ಒಬ್ಬ ಮನುಷ್ಯ ತನ್ನ ನಂಬಿಕೆಯನ್ನು ಬಿಟ್ಟು ಇನ್ನೊಂದರ ಕಡೆಗೆ ಹೋಗುವುದು ಒಂದು ದಿನದ ಕೆಲಸವಲ್ಲ, ಅದಕ್ಕೆ ವರ್ಷಗಳು ಹಿಡಿಯುತ್ತವೆ ಎಂಬುದು ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದ ಮಾತು. ಆ ವರ್ಷಗಳು ಪತ್ರಿಕೆಯಲ್ಲಿ ಕಾಣುವುದಿಲ್ಲ, ಪೊಲೀಸ್ ಠಾಣೆಯ ದಾಖಲೆಯಲ್ಲಿ ಕಾಣುವುದಿಲ್ಲ, ಜನಗಣತಿಯ ಕೋಷ್ಟಕದಲ್ಲೂ ಕಾಣುವುದಿಲ್ಲ. ಕಂಡರೆ ಗ್ರಂಥಾಲಯದಲ್ಲಿ ಕಾಣಬೇಕು, ಅದೂ ಒಂದಕ್ಕಿಂತ ಹೆಚ್ಚು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವ ತಾಳ್ಮೆ ಇದ್ದವರಿಗೆ.

ಇದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮಸ್ಕಿ ಸಾಕು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಜಾಡು ಹುಡುಕುತ್ತ ಅಲ್ಲಿಯ ಬಂಡೆಯ ಮೇಲೆ ಬರಹ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ನಿಜಾಂ ಸರ್ಕಾರದ ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನ ಮೊದಲ ಸಂಖ್ಯೆ ಅದು. ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಳ್ಳುತ್ತಿದ್ದ ದೊರೆಯ ಹೆಸರು ಅಶೋಕ ಎಂಬುದು ಶಾಸನದ ಬಾಯಿಂದಲೇ ಮೊದಲು ಗೊತ್ತಾದದ್ದು ಅಲ್ಲಿ. ಶಾಲೆಯ ಪುಸ್ತಕದಲ್ಲಿ ಇಷ್ಟು ಓದಿ ನಾವು ಹೆಮ್ಮೆಪಟ್ಟು ಸುಮ್ಮನಾಗುತ್ತೇವೆ. ದೈವಶಾಸ್ತ್ರದ ವಿದ್ಯಾರ್ಥಿ ಅಲ್ಲಿಗೆ ಸುಮ್ಮನಾಗಬಾರದು. ಏಕೆಂದರೆ ಆ ಬಂಡೆಯ ಮೇಲಿರುವುದು ತನ್ನ ನಂಬಿಕೆಯ ಬದಲಾವಣೆಯನ್ನು ತಾನೇ ಹೇಳಿಕೊಂಡ ಮನುಷ್ಯನ ಮಾತು. ತಾನು ಬುದ್ಧನ ಮಾರ್ಗದವನಾಗಿ ಎರಡೂವರೆ ವರ್ಷ ಮೀರಿತು, ಸಂಘದ ಹತ್ತಿರ ಹೋಗಿ ಒಂದು ವರ್ಷ ಮೀರಿತು ಎಂದು ಅವನು ಲೆಕ್ಕ ಕೊಡುತ್ತಾನೆ. ಈ ಫಲವನ್ನು ದೊಡ್ಡವರು ಮಾತ್ರ ಪಡೆಯಬಲ್ಲರು ಎಂದುಕೊಳ್ಳಬೇಡಿ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ.

ಈಗ ಗ್ರಂಥಾಲಯದ ಕೆಲಸಕ್ಕೆ ಬನ್ನಿ. ಇ. ಹುಲ್ಷ್ ಸಂಪಾದಿಸಿ 1925ರಲ್ಲಿ ಹೊರಬಂದ ಅಶೋಕನ ಶಾಸನಗಳ ಸಂಪುಟವನ್ನು ತೆಗೆಯಿರಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಅದು ಉಚಿತವಾಗಿ ಸಿಗುತ್ತದೆ. ಮಸ್ಕಿಯ ಪಾಠವನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪಾಠದ ಪಕ್ಕದಲ್ಲಿ ಇಡಿ. ಬ್ರಹ್ಮಗಿರಿಯಲ್ಲಿ ದೊರೆ ಇನ್ನೂ ಒಂದು ಮಾತು ಒಪ್ಪಿಕೊಳ್ಳುತ್ತಾನೆ: ಉಪಾಸಕನಾದ ಮೇಲೂ ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ನಂತರವೇ ಶ್ರದ್ಧೆ ಹುಟ್ಟಿತು ಎಂದು. ಇನ್ನು ಹದಿಮೂರನೆಯ ಬಂಡೆಶಾಸನವನ್ನು ತೆರೆದರೆ ಕಳಿಂಗದ ಯುದ್ಧ, ಸಾವು, ಪಶ್ಚಾತ್ತಾಪ ಬರುತ್ತವೆ. ನಾಟಕ, ಸಿನಿಮಾಗಳಲ್ಲಿ ಅಶೋಕ ರಣರಂಗದಲ್ಲಿ ಹೆಣಗಳ ನಡುವೆ ನಿಂತು ಒಂದು ಕ್ಷಣದಲ್ಲಿ ಬೌದ್ಧನಾಗಿಬಿಡುತ್ತಾನೆ. ಮೂರು ಪಾಠಗಳನ್ನು ಕೂಡಿಸಿ ಓದಿದವನಿಗೆ ಬೇರೆಯೇ ಚಿತ್ರ ಸಿಗುತ್ತದೆ. ನೋವು ಒಂದು ಕಾಲಕ್ಕೆ, ಸೇರ್ಪಡೆ ಒಂದು ಕಾಲಕ್ಕೆ, ಶ್ರದ್ಧೆ ಇನ್ನೊಂದು ಕಾಲಕ್ಕೆ. ಈ ಅಂತರಗಳನ್ನು ಗುರುತಿಸಿ, ಅವುಗಳ ಅರ್ಥವೇನು ಎಂದು ಕೇಳಿದರೆ ಅಲ್ಲಿಂದ ದೈವಶಾಸ್ತ್ರದ ಪ್ರಶ್ನೆ ಶುರುವಾಗುತ್ತದೆ. ಪ್ರಬಂಧದ ಒಂದು ಅಧ್ಯಾಯಕ್ಕೆ ಅಷ್ಟೇ ಸಾಕು.

ಇದೇ ಅಳತೆಯನ್ನು ಹಿಡಿದು ಬೇರೆಯವರನ್ನು ನೋಡಿ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರು 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಆಗಿನ ಪತ್ರಿಕೆಗಳಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಆದರೆ 1907ರಲ್ಲಿ ಅವರೇ ಬರೆದ ಸಾಕ್ಷ್ಯದಲ್ಲಿ, ಆ ದಿನ ತಾನು ಒಂದು ಧರ್ಮವನ್ನು ಸೇರಿದ್ದೆ, ಕ್ರಿಸ್ತನನ್ನು ನಿಜವಾಗಿ ಅರಿತದ್ದು ಸುಮಾರು ಎಂಟು ವರ್ಷಗಳ ನಂತರ ಎಂದು ಹೇಳಿಕೊಂಡಿದ್ದಾರೆ. ಈ ನಡುವೆ ಅವರು ಆಂಗ್ಲಿಕನ್ ಗುರುಗಳ ಜೊತೆ, ತಮ್ಮನ್ನು ಸಲಹಿದ ಸಿಸ್ಟರ್ ಜೆರಾಲ್ಡಿನ್ ಜೊತೆ, ತ್ರಿತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ಕಾಗದ ಬರೆದು ವಾದ ಮಾಡಿದರು. ಎ.ಬಿ. ಷಾ ಸಂಪಾದಿಸಿದ ಆ ಪತ್ರಗಳ ಸಂಪುಟ 1977ರಲ್ಲಿ ಪ್ರಕಟವಾಯಿತು. ಮತಾಂತರಗೊಂಡವರೆಲ್ಲ ಯಾರೋ ಹೇಳಿದ್ದಕ್ಕೆ ತಲೆಯಾಡಿಸಿದವರು ಎಂದು ನಂಬಿದವರು ಆ ಸಂಪುಟವನ್ನು ಒಮ್ಮೆ ಓದಬೇಕು. ಗುರುಗಳು ಹೇಳಿದ್ದನ್ನು ಒಪ್ಪದೆ, ಆದರೂ ಕ್ರಿಸ್ತನನ್ನು ಬಿಡದೆ, ಆ ಹೆಣ್ಣುಮಗಳು ತನ್ನ ದಾರಿಯನ್ನು ತಾನೇ ಕಂಡುಕೊಂಡಳು.

ಡಾ. ಅಂಬೇಡ್ಕರ್ ಅವರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ, ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. 1936ರಲ್ಲಿ ಮುಂಬೈಯಲ್ಲಿ ಮಹಾರ್ ಜನರ ಸಮಾವೇಶದಲ್ಲಿ ಮಾಡಿದ ಮರಾಠಿ ಭಾಷಣದಲ್ಲಿ ಅವರು ಧರ್ಮ ಬದಲಾವಣೆಗೆ ಲೌಕಿಕ ಮುಖವೂ ಆಧ್ಯಾತ್ಮಿಕ ಮುಖವೂ ಇವೆ ಎಂದು ಬಿಡಿಸಿ ಹೇಳಿದ್ದಾರೆ. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ, ಬುದ್ಧ ಮತ್ತು ಅವನ ಧಮ್ಮದ ಮೇಲಿನ ಅವರ ಗ್ರಂಥ ಹೊರಬಂತು. ಅಂಬೇಡ್ಕರರ ಬರಹ ಮತ್ತು ಭಾಷಣಗಳು ಕನ್ನಡದಲ್ಲೇ ಸಂಪುಟಗಳಾಗಿ ಬಂದಿವೆ. ನಾಗಪುರದ ಒಂದು ದಿನವನ್ನಷ್ಟೇ ಬರೆದು ಮುಗಿಸುವ ಪ್ರಬಂಧ ಈ 21 ವರ್ಷಗಳ ಓದು, ವಾದ, ಹುಡುಕಾಟವನ್ನೆಲ್ಲ ಅಳಿಸಿಹಾಕಿದಂತೆ. ಇದು ಆ ಮಹನೀಯರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಎಲ್ಲ ತಿರುವೂ ಒಂದು ಧರ್ಮದಿಂದ ಇನ್ನೊಂದಕ್ಕೆ ಹೋಗುವುದಲ್ಲ ಎಂಬುದನ್ನೂ ಮರೆಯಬಾರದು. ಲೂಯಿಸ್ ರಾಂಬೋ 1993ರಲ್ಲಿ ಬರೆದ ಮತಾಂತರದ ಅಧ್ಯಯನ ಅನೇಕ ಸೆಮಿನರಿಗಳಲ್ಲಿ ಓದಿಸುವ ಪುಸ್ತಕ. ಅದರಲ್ಲಿ ಅವರು ಮತಾಂತರಗಳನ್ನು ಬಗೆಗಳಾಗಿ ವಿಂಗಡಿಸುತ್ತಾರೆ. ಇದ್ದ ನಂಬಿಕೆಯಲ್ಲೇ ಆಳಕ್ಕೆ ಇಳಿಯುವುದು ಅವುಗಳಲ್ಲಿ ಒಂದು ಬಗೆ. ಅಮೆರಿಕದ ವಿದ್ವಾಂಸರ ಈ ವಿಂಗಡಣೆಗೆ ಮಾನ್ವಿ ಮತ್ತು ದೇವದುರ್ಗಗಳಿಗಿಂತ ಒಳ್ಳೆಯ ನಿದರ್ಶನ ಬೇರೆ ಕಡೆ ಸಿಗುವುದು ಕಷ್ಟ. ಹರಿದಾಸರಲ್ಲಿ ವಿಜಯದಾಸರು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ, ಗೋಪಾಲದಾಸರು ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ, ಜಗನ್ನಾಥದಾಸರು ಹುಟ್ಟಿದ್ದು ಮಾನ್ವಿಯ ಬ್ಯಾಗವಟ್ಟಿನಲ್ಲಿ. ಸಂಸ್ಕೃತ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡದ್ದು, ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆವ ಹೇಳಿದ್ದು, ಆಮೇಲೆ ಅದೇ ನೋವು ನಿಜವಾಗಿ ಬಂದದ್ದು, ಮಂತ್ರಾಲಯಕ್ಕೆ ಹೋದದ್ದು, ಕೊನೆಗೆ ಗೋಪಾಲದಾಸರ ಅನುಗ್ರಹದಿಂದ ಗುಣವಾಗಿ ಜಗನ್ನಾಥದಾಸರಾದದ್ದು ನಮ್ಮ ಕಡೆಯ ಮನೆಮನೆಯ ಕಥೆ. ಅವರೇ ಮುಂದೆ ಕನ್ನಡದಲ್ಲಿ ಹರಿಕಥಾಮೃತಸಾರ ಬರೆದರು. ಮಾಧ್ವ ಮತದಿಂದ ಅವರು ಹೊರಗೆ ಹೋಗಲಿಲ್ಲ. ಆದರೆ ಪಾಂಡಿತ್ಯದ ಹಮ್ಮಿನಿಂದ ದಾಸ್ಯಕ್ಕೆ, ಸಂಸ್ಕೃತದಿಂದ ಕನ್ನಡಕ್ಕೆ, ಪಂಡಿತರ ಸಭೆಯಿಂದ ಗೆಜ್ಜೆ ತಂಬೂರಿಗಳ ಬೀದಿಗೆ ಬಂದರು. ಇದು ಚಿಕ್ಕ ತಿರುವೇ?

ಈ ಪ್ರಸಂಗವನ್ನು ಪ್ರಬಂಧದಲ್ಲಿ ಬಳಸುವಾಗ ಎಚ್ಚರ ಬೇಕು. ಸಂಪ್ರದಾಯದ ಚರಿತೆ ಒಂದು ಬಗೆಯ ಆಕರ, ದಾಸರ ಸ್ವಂತ ಹಾಡು ಇನ್ನೊಂದು ಬಗೆಯ ಆಕರ. ಚರಿತೆಯಲ್ಲಿ ಬರುವ ಹೊಟ್ಟೆನೋವನ್ನು ಹಾಗೆಯೇ ನಂಬಿ ಬರೆಯುವುದೂ ಬೇಡ, ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಬೇಡ. ಆ ಸಮುದಾಯ ತನ್ನ ದಾಸನ ತಿರುವನ್ನು ರೋಗ ಮತ್ತು ಅನುಗ್ರಹದ ಭಾಷೆಯಲ್ಲಿ ಏಕೆ ನೆನಪಿಟ್ಟುಕೊಂಡಿತು ಎಂದು ಕೇಳಿ. ಬಳಿಕ ದಾಸರ ಹಾಡುಗಳಿಗೇ ಹೋಗಿ, ಗುರುವಿನ ಬಗ್ಗೆ, ಅಹಂಕಾರದ ಬಗ್ಗೆ ಅವರು ತಾವೇ ಏನು ಹೇಳಿಕೊಂಡಿದ್ದಾರೆ ನೋಡಿ. ಲಿಂಗಸೂಗೂರಿನ ಗೊರೇಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಹುಡುಕಿ, ಜೋಡಿಸಿ, ಅಚ್ಚುಹಾಕಿಸದೆ ಹೋಗಿದ್ದರೆ ಇವತ್ತು ಈ ಕೆಲಸಕ್ಕೆ ಆಧಾರವೇ ಇರುತ್ತಿರಲಿಲ್ಲ. ಅವರನ್ನು ಈ ವೇದಿಕೆಯಿಂದ ಕೃತಜ್ಞತೆಯಿಂದ ನೆನೆಯುತ್ತೇನೆ.

ಇನ್ನು ಗ್ರಂಥಾಲಯದ ಒಳಗೆ ಹೋಗೋಣ. ಇಲ್ಲಿ ಎದುರಾಗುವ ಮೊದಲ ತೊಡಕು ಪುಸ್ತಕ ಇಲ್ಲದಿರುವುದಲ್ಲ, ಪುಸ್ತಕಗಳು ಚದುರಿಹೋಗಿರುವುದು. ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ ಕ್ರೈಸ್ತ ಮತಾಂತರದ ಪುಸ್ತಕ 248ರಲ್ಲಿ ಇರುತ್ತದೆ. ಬೌದ್ಧ ಧರ್ಮ 294.3ರಲ್ಲಿ, ಜೈನ ಧರ್ಮ 294.4ರಲ್ಲಿ, ಹಿಂದೂ ಧರ್ಮ 294.5ರಲ್ಲಿ, ಇಸ್ಲಾಂ 297ರಲ್ಲಿ. ದಲಿತರ ಸಾಮಾಜಿಕ ಸ್ಥಿತಿಯ ಪುಸ್ತಕ 305ರಲ್ಲಿ, ಸಂವಿಧಾನದ್ದು 342ರಲ್ಲಿ, ಇತಿಹಾಸ 954ರಲ್ಲಿ, ವಚನ ಮತ್ತು ದಾಸಸಾಹಿತ್ಯ ಕನ್ನಡ ಸಾಹಿತ್ಯದ 894ರಲ್ಲಿ. ಒಬ್ಬ ಮನುಷ್ಯನ ಒಂದೇ ನಿರ್ಧಾರ ಹೀಗೆ ಒಂಬತ್ತು ಕಪಾಟುಗಳಿಗೆ ಹಂಚಿಹೋಗಿರುತ್ತದೆ. ಒಂದೇ ಕಪಾಟಿನ ಮುಂದೆ ನಿಂತು ವಾಪಸ್ಸು ಬಂದವನ ಪ್ರಬಂಧ ಒಕ್ಕಣ್ಣಿನದಾಗುತ್ತದೆ. 248ರಲ್ಲೇ ನಿಂತವನಿಗೆ ಆತ್ಮದ ಮಾತಷ್ಟೇ ಕೇಳಿಸುತ್ತದೆ, 305ರಲ್ಲೇ ನಿಂತವನಿಗೆ ಹಸಿವು ಮತ್ತು ಅವಮಾನದ ಮಾತಷ್ಟೇ ಕೇಳಿಸುತ್ತದೆ. ಮತ ಬದಲಿಸಿದ ಮನುಷ್ಯನಲ್ಲಿ ಎರಡೂ ಒಟ್ಟಿಗೇ ಇದ್ದವು.

ಹುಡುಕುವಾಗ ಬಳಸುವ ಪದಗಳ ಬಗ್ಗೆಯೂ ಹೇಳಬೇಕು. ಗಣಕದ ಸೂಚಿಯಲ್ಲಿ ಮತಾಂತರ ಎಂದು ಒತ್ತಿದರೆ ಈಚಿನ ವಿವಾದಗಳ ಪುಸ್ತಕಗಳೇ ಹೆಚ್ಚು ಬರುತ್ತವೆ. ದೀಕ್ಷೆ, ಲಿಂಗದೀಕ್ಷೆ, ಅಂಕಿತ, ದೀಕ್ಷಾಸ್ನಾನ, ಶುದ್ಧಿ, ಧಮ್ಮದೀಕ್ಷೆ, ಬೈಅತ್ ಎಂದು ಹುಡುಕಿ. ವಚನ ಸಂಚಯ ಎಂಬ ಜಾಲತಾಣದಲ್ಲಿ ಭವಿ, ಅಂದರೆ ಲಿಂಗದೀಕ್ಷೆ ಇಲ್ಲದವ, ಎಂದು ಹುಡುಕಿದರೆ ಶರಣರು ಒಳಗಿನವ, ಹೊರಗಿನವ ಎಂಬ ಗೆರೆಯನ್ನು ಎಲ್ಲೆಲ್ಲಿ ಎಳೆದರು, ಎಲ್ಲೆಲ್ಲಿ ಅಳಿಸಿದರು ಎಂಬುದು ಸಾಲುಸಾಲಾಗಿ ತೆರೆದುಕೊಳ್ಳುತ್ತದೆ. ಹಾಗೆ ಸಿಕ್ಕ ವಚನವನ್ನು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳ ಮುದ್ರಿತ ಪಾಠದ ಜೊತೆ ತಾಳೆ ನೋಡಿಯೇ ಬಳಸಬೇಕು.

ನಮ್ಮ ಭಾಗದವರು ಅರಿಯಬೇಕಾದ ಇನ್ನೊಂದು ಸಂಗತಿಯಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕಾ ಮೈಸೂರು ಮತ್ತು ಕೊಡಗಿನ ಶಾಸನಗಳದ್ದು. ರಾಯಚೂರು ಆಗ ನಿಜಾಮರ ಸೀಮೆ. ಆ ಸಂಪುಟಗಳಲ್ಲಿ ದೇವದುರ್ಗ ತಾಲ್ಲೂಕಿನ ಗಬ್ಬೂರು ಸಿಗಲಿಲ್ಲವೆಂದು ಗಬ್ಬೂರಿಗೆ ಶಾಸನವೇ ಇಲ್ಲ ಎಂದುಕೊಳ್ಳಬಾರದು. ನಮ್ಮ ಶಾಸನಗಳು ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನಲ್ಲಿವೆ, ಪಿ.ಬಿ. ದೇಸಾಯಿಯವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಕೂಡಿಸಿ 1958ರಲ್ಲಿ ತಂದ ಸಂಪುಟದಲ್ಲಿವೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟದಲ್ಲಿವೆ. ಶಾಸನದ ಮಿತಿಯನ್ನೂ ತಿಳಿದಿರಬೇಕು. ಭೂಮಿ ಯಾರಿಗೆ ಕೊಟ್ಟರು, ಯಾವ ದೇವರಿಗೆ ಕೊಟ್ಟರು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಕೊಟ್ಟವನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ರಾಯಚೂರಿನ ಏಕ್ ಮಿನಾರ್ ಮಸೀದಿ 1513ರದ್ದು. ಅಧಿಕಾರ ಯಾರ ಕೈಯಲ್ಲಿತ್ತು ಎಂದು ಆ ಕಟ್ಟಡ ಹೇಳುತ್ತದೆ. ಓಣಿಯ ಜನ ಯಾವಾಗ, ಏಕೆ, ಹೇಗೆ ನಮಾಜಿಗೆ ಬಂದರು ಎಂಬುದು ಅದರ ಗೋಡೆಯಲ್ಲಿ ಇಲ್ಲ.

ಅದಕ್ಕೆ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಮೇಲಿನ ಗ್ರಂಥವನ್ನು ಓದಬೇಕು. ಕತ್ತಿಯಿಂದ ಇಸ್ಲಾಂ ಹರಡಿತು ಎಂಬ ಒಂದು ಸಾಲಿನ ವಿವರಣೆಯೂ, ಸೂಫಿಗಳು ಪ್ರೀತಿಯಿಂದ ಎಲ್ಲರನ್ನೂ ಗೆದ್ದರು ಎಂಬ ಇನ್ನೊಂದು ಸಾಲಿನ ವಿವರಣೆಯೂ ಅಲ್ಲಿ ನಿಲ್ಲುವುದಿಲ್ಲ. ಹೆಂಗಸರು ಬೀಸುವಾಗ ಹಾಡುತ್ತಿದ್ದ ದಖ್ಖನಿ ಚಕ್ಕೀನಾಮಾಗಳನ್ನು ಅವರು ಆಕರವಾಗಿ ತೆಗೆದುಕೊಂಡರು. ರಾಜರ ದರ್ಬಾರನ್ನು ಬಿಟ್ಟು ಬೀಸುಕಲ್ಲಿನ ಹತ್ತಿರ ಕಿವಿಯಿಟ್ಟದ್ದು ಆ ವಿದ್ವಾಂಸರ ದೊಡ್ಡತನ. ದರ್ಗಾದ ಭಕ್ತಿ ತಲೆಮಾರುಗಳ ಕಾಲ ಮನೆಯೊಳಗೆ ಮೆಲ್ಲನೆ ಹೇಗೆ ಬೇರಿಳಿಯಿತು ಎಂದು ಅವರು ತೋರಿಸುತ್ತಾರೆ. ಕನ್ನಡದಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಇದಕ್ಕೆ ಜೊತೆಯ ಓದು. ಮುದಗಲ್ಲಿನ ಮೊಹರಂ, ಕೃಷ್ಣೆಯ ಆಚೆ ದಂಡೆಯ ತಿಂಥಣಿ ಮೌನೇಶ್ವರರ ಪರಂಪರೆ ಇವನ್ನು ನೋಡಿದವರಿಗೆ, ಒಂದು ನಂಬಿಕೆಯ ಒಳಗೂ ಹೊರಗೂ ಏಕಕಾಲಕ್ಕೆ ಇರುವ ಜನ ನಮ್ಮಲ್ಲಿ ಎಷ್ಟು ಸಹಜ ಎಂಬುದು ಗೊತ್ತೇ ಇದೆ.

ವಿರೋಧಿ ಪಕ್ಷಗಳ ಮಾತನ್ನು ಎದುರುಬದುರು ಕೂಡಿಸುವುದನ್ನು ಹಳಗನ್ನಡದಿಂದಲೇ ಕಲಿಯಬಹುದು. ಅಬ್ಬಲೂರಿನ ಶಾಸನ ಶಿವಭಕ್ತ ಏಕಾಂತದ ರಾಮಯ್ಯ ಜೈನರ ಮೇಲೆ ಗೆದ್ದ ಕಥೆಯನ್ನು ಗೆದ್ದವರ ದನಿಯಲ್ಲಿ ಹೇಳುತ್ತದೆ. ಹರಿಹರನ ಆದಯ್ಯನ ರಗಳೆಯೂ ಅದೇ ಪಕ್ಷದ್ದು. ಇದಿಷ್ಟನ್ನೇ ಓದಿ ಹನ್ನೆರಡನೆಯ ಶತಮಾನದ ಮತಾಂತರದ ಬಗ್ಗೆ ತೀರ್ಪು ಕೊಡುವವರು ಬ್ರಹ್ಮಶಿವನ ‘ಸಮಯಪರೀಕ್ಷೆ’ಯನ್ನು ತೆರೆಯಬೇಕು. ಜೈನನಾಗಿದ್ದು, ಶೈವನಾಗಿ, ಮತ್ತೆ ಜೈನಧರ್ಮಕ್ಕೆ ಮರಳಿದ ಕವಿ ಅವನು. ಗಡಿಯನ್ನು ಎರಡು ಸಲ ದಾಟಿದವನ ಸಿಟ್ಟು, ತರ್ಕ ಅಲ್ಲಿವೆ. ನಮ್ಮ ಆದಿಕವಿ ಪಂಪನ ತಂದೆಯೂ ಬ್ರಾಹ್ಮಣ ಕುಲದಿಂದ ಜೈನಧರ್ಮಕ್ಕೆ ಬಂದವನೇ. ಕನ್ನಡ ಕಾವ್ಯದ ಮೊದಲ ಮಹಾಕವಿ ಮತಾಂತರಗೊಂಡವನ ಮಗ ಎಂಬುದನ್ನು ಈ ವಿಷಯವನ್ನು ಹೊರಗಿನಿಂದ ಬಂದ ಹಾವಳಿ ಎಂದಷ್ಟೇ ನೋಡುವವರ ಗಮನಕ್ಕೆ ತರಬಯಸುತ್ತೇನೆ.

ಕ್ರೈಸ್ತ ಆಕರಗಳಿಗೆ ಬಂದರೆ, ಮುದಗಲ್ಲಿನ ಕ್ಯಾಥೊಲಿಕರ ಮೂಲ ಆದಿಲ್‌ಶಾಹಿ ಕಾಲಕ್ಕೆ ಹೋಗುತ್ತದೆ. ಬ್ರಿಟಿಷರು ಬರುವ ಮೊದಲೇ ಈ ದೋಆಬಿನಲ್ಲಿ ಕ್ರೈಸ್ತರಿದ್ದರು. ಪ್ರೊಟೆಸ್ಟೆಂಟ್ ಕಡೆಯಿಂದ ರಾಯಚೂರಿಗೆ ಬಂದವರು ಅಮೆರಿಕದ ಮೆಥೋಡಿಸ್ಟರು. ಅವರ ವಾರ್ಷಿಕ ಸಮ್ಮೇಳನದ ವರದಿಗಳಲ್ಲಿ ಪರೀಕ್ಷಾರ್ಥಿ ಸದಸ್ಯರದ್ದು ಒಂದು ಲೆಕ್ಕ, ಪೂರ್ಣ ಸದಸ್ಯರದ್ದು ಇನ್ನೊಂದು ಲೆಕ್ಕ. ಅಂದರೆ ಸೇರಿಸಿಕೊಳ್ಳುವವರೇ ಸೇರ್ಪಡೆಯನ್ನು ಒಂದು ದಿನದ್ದೆಂದು ಎಣಿಸಲಿಲ್ಲ. ಮೆಥೋಡಿಸ್ಟ್ ಮಿಷನರಿ ಜೆ. ವಾಸ್ಕಂ ಪಿಕೆಟ್ 1933ರಲ್ಲಿ ಭಾರತದ ಸಾಮೂಹಿಕ ಮತಾಂತರಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಏಕೆ ಕ್ರೈಸ್ತರಾದಿರಿ ಎಂದು ಜನರನ್ನೇ ಕೇಳಿ, ಉತ್ತರಗಳನ್ನು ಆಧ್ಯಾತ್ಮಿಕ, ಲೌಕಿಕ, ಸಾಮಾಜಿಕ, ಹುಟ್ಟಿನಿಂದ ಬಂದದ್ದು ಎಂದು ನಾಲ್ಕಾಗಿ ವಿಂಗಡಿಸಿದರು. ಮಿಷನರಿಯ ಪ್ರಶ್ನೆಗೆ ಬಡವ ಕೊಡುವ ಉತ್ತರ ಎಷ್ಟು ಮುಕ್ತವಾಗಿದ್ದೀತು ಎಂಬ ಸಂದೇಹವನ್ನು ಇಟ್ಟುಕೊಂಡೇ ಅದನ್ನು ಓದಬೇಕು. ಆದರೂ ಕೇಳಿದರಲ್ಲ, ಅದು ಮುಖ್ಯ.

ಕನ್ನಡದ ಕ್ರೈಸ್ತ ಚಿಂತನೆಗೆ ಚನ್ನಪ್ಪ ಉತ್ತಂಗಿಯವರಿಗಿಂತ ದೊಡ್ಡ ಹೆಸರು ನನಗೆ ತಿಳಿಯದು. ಅವರು ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಬಸವಣ್ಣನ ಮೇಲೆ ಬರೆದರು, ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂಬ ಪುಸ್ತಕ ಬರೆದು ಎರಡು ನಂಬಿಕೆಗಳನ್ನು ಮಾತಿಗೆ ಕೂಡಿಸಿದರು. ಹೈದರಾಬಾದ್ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿಯಾಗಿದ್ದ ಈ ಸೀಮೆಯ ಕನ್ನಡಿಗರು ಒಬ್ಬ ಕ್ರೈಸ್ತ ಪಾದ್ರಿಯನ್ನು ತಮ್ಮ ಅಧ್ಯಕ್ಷರೆಂದು ಬರಮಾಡಿಕೊಂಡರು.

ಈಗ ಕಠಿಣವಾದ ಮಾತಿಗೆ ಬರುತ್ತೇನೆ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಇವತ್ತು ಬದುಕಿರುವ ಜನರ ಬಗ್ಗೆ ಬರೆಯುವಾಗ ಸಂಖ್ಯೆಗಳನ್ನು ನಂಬಿ ಮುಂದೆ ಹೋಗಬೇಡಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಲಾಯಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರಿಗೆ ಅದು ಇಲ್ಲ. ಮಗುವಿನ ಶಾಲೆಯ ದಾಖಲೆ, ವಿದ್ಯಾರ್ಥಿವೇತನ, ನೌಕರಿ ಇವೆಲ್ಲ ಆ ಒಂದು ಕಾಲಂಗೆ ಕಟ್ಟಿಹಾಕಿರುವಾಗ ಜನಗಣತಿಯ ಧರ್ಮದ ಅಂಕಿ ಒಳಗಿನ ನಂಬಿಕೆಯನ್ನು ಹೇಳುತ್ತದೆ ಎಂದು ತಿಳಿಯುವುದು ತಪ್ಪು. ಜೊತೆಗೆ ಕಾನೂನಿನ ವಿವಾದವಿದೆ. ಸಂವಿಧಾನದ 25ನೆಯ ವಿಧಿಯಲ್ಲಿ ಪ್ರಚಾರದ ಹಕ್ಕು ಸೇರುವ ಮೊದಲು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ದೀರ್ಘವಾಗಿ ಚರ್ಚಿಸಿತು. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಕಾಯಿದೆ ಬಂತು, 2023ರಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು. ಇವುಗಳ ಮೂಲ ಪಠ್ಯಗಳನ್ನೇ ಓದಿ. ಸಂವಿಧಾನ ಸಭೆಯ ಚರ್ಚೆಗಳು ಅಂತರಜಾಲದಲ್ಲಿ ಪೂರ್ತಿಯಾಗಿ ಇವೆ.

ಇಂಥ ಸನ್ನಿವೇಶದಲ್ಲಿ ಹಳ್ಳಿಗೆ ಹೋಗಿ ನೀವು ಯಾವಾಗ ಮತ ಬದಲಿಸಿದಿರಿ ಎಂದು ಕೇಳಿ, ಹೆಸರು, ಓಣಿ, ಫೋಟೋ ಸಹಿತ ಪ್ರಬಂಧದಲ್ಲಿ ಹಾಕುವವನು ಆ ಮನೆಯವರನ್ನು ಅಪಾಯಕ್ಕೆ ತಳ್ಳುತ್ತಾನೆ. ಅಂಕ ನಿಮಗೆ, ಸಂಕಟ ಅವರಿಗೆ. ಮೊದಲು ಗ್ರಂಥಾಲಯ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಕಾಲವಾದವರ ಕಾಗದಗಳು, ತಾವೇ ಬರೆದು ಪ್ರಕಟಿಸಿದವರ ಸಾಕ್ಷ್ಯಗಳು ನಮಗೆ ಬೇಕಾದಷ್ಟಿವೆ. ಅವುಗಳನ್ನು ಓದಿ ಪ್ರಶ್ನೆ ಹದಗೊಂಡ ಮೇಲೆ, ಬದುಕಿರುವವರ ಹತ್ತಿರ ಹೋಗಬೇಕಾದರೆ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಬರೆದದ್ದನ್ನು ಅವರಿಗೇ ಓದಿ ಹೇಳಿ ಮುಂದುವರಿಯಿರಿ.

ಎಲ್ಲಿಗೆ ಹೋಗಬೇಕು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ರಾಯಚೂರಿನ ಕೇಂದ್ರ ಗ್ರಂಥಾಲಯದಿಂದ ಶುರುಮಾಡಿ, 1970ರ ರಾಯಚೂರು ಜಿಲ್ಲಾ ಗೆಜೆಟಿಯರನ್ನು ಮೊದಲು ಓದಿ. ಯರಗೇರಾದ ವಿಶ್ವವಿದ್ಯಾಲಯ ಹತ್ತಿರದಲ್ಲಿದೆ, ಕಲಬುರಗಿಯ ವಿಶ್ವವಿದ್ಯಾಲಯದ ಗ್ರಂಥಾಲಯ ಅದಕ್ಕಿಂತ ಹಳೆಯದು. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಆಡಳಿತದ ಹಳೆಯ ಕಡತಗಳು ಉರ್ದು, ಪಾರಸಿಯಲ್ಲಿ ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿವೆ. ಉರ್ದು ಓದಬಲ್ಲ ನಮ್ಮ ಊರಿನ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರಬೇಕು, ಇದು ಅವರಿಂದ ಮಾತ್ರ ಆಗುವ ಕೆಲಸ. ಮಿಷನ್ ದಾಖಲೆ ಮತ್ತು ದೈವಶಾಸ್ತ್ರದ ಪುಸ್ತಕಗಳಿಗೆ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಧರ್ಮಾರಾಮ್, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇವೆ. ಹೋಗುವ ಮೊದಲು ಕಾಲೇಜಿನ ಪತ್ರ ಪಡೆದು, ಬೇಕಾದ ಪುಸ್ತಕಗಳ ಪಟ್ಟಿಯನ್ನು ಗ್ರಂಥಪಾಲಕರಿಗೆ ಬರೆದು ತಿಳಿಸಿ. ಏನು ಓದಿದರೂ ಟಿಪ್ಪಣಿಯ ತಲೆಯಲ್ಲಿ ಬರೆದವರು ಯಾರು, ಯಾವ ವರ್ಷ, ಯಾರಿಗಾಗಿ ಬರೆದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಮತಾಂತರದ ಬಗ್ಗೆ ಬರೆದ ಕಾಗದಗಳಲ್ಲಿ ಬಹುಪಾಲು ಮತಾಂತರಿಸಿದವರದ್ದು ಅಥವಾ ವಿರೋಧಿಸಿದವರದ್ದು. ಮತ ಬದಲಿಸಿದವನ ಸ್ವಂತ ದನಿ ಸಿಕ್ಕಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ಪ್ರತಿ ಪುಟದಲ್ಲೂ ಕೇಳಿಕೊಳ್ಳಿ. ಸಿಗದಿದ್ದರೆ ಸಿಗಲಿಲ್ಲವೆಂದೇ ಪ್ರಬಂಧದಲ್ಲಿ ಬರೆಯಿರಿ.

ದೇವದುರ್ಗ, ಮಾನ್ವಿಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದ ಮೇಲೆ ದಾಸರ ಪದಗಳ ಕೈಬರಹದ ಪುಸ್ತಕವಿರಬಹುದು, ಮಠದಲ್ಲಿ ದೀಕ್ಷೆಯ ವಿಧಿ ಬರೆದ ತಾಳೆಗರಿ ಇರಬಹುದು, ದರ್ಗಾದಲ್ಲಿ ಉರ್ದು ಸನದು ಇರಬಹುದು, ಚರ್ಚಿನಲ್ಲಿ ಹಳೆಯ ದೀಕ್ಷಾಸ್ನಾನದ ರಿಜಿಸ್ಟರು ಇರಬಹುದು. ಮೂಲವನ್ನು ಯಾರಿಗೂ ಕೊಡಬೇಡಿ, ಆದರೆ ಸ್ಕ್ಯಾನ್ ಮಾಡಲು ಬಿಡಿ. ಬದುಕಿರುವವರ ಹೆಸರಿರುವ ಪುಟಗಳನ್ನು ಮುಚ್ಚಿಡುವ ಷರತ್ತನ್ನು ಹಾಕಿಯೇ ಬಿಡಿ. ಗ್ರಂಥಾಲಯ ಇಲಾಖೆಯವರು ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ಸ್ಥಳೀಯ ಆಕರಗಳಿಗೆಂದು ಬೀಗವಿರುವ ಒಂದೊಂದು ಕಪಾಟನ್ನು ಮೀಸಲಿಡಬೇಕು. ಪ್ರಬಂಧ ಬರೆದು ಮುಗಿಸಿದ ವಿದ್ಯಾರ್ಥಿಗಳು ಅದರ ಒಂದು ಪ್ರತಿಯನ್ನು ಅದೇ ಕಪಾಟಿಗೆ ತಂದು ಇಡಬೇಕು. ಈ ವರ್ಷದಿಂದಲೇ ಈ ಕೆಲಸ ಶುರುವಾಗಲಿ.